ಎರಡು ಕೆಂಪು ಎಳೆ

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುತ್ತಿದ್ದುದು ಇಷ್ಟು. ರಾತ್ರಿಯ ಪಾತ್ರೆ ತೊಳೆದು ಬೋರಲು ಹಾಕುವುದು, ಗಂಡನ ಸ್ನಾನಕ್ಕೆ ನೀರು ಕಾಯಿಸುವುದು, ಮಗಳ ಊಟದ ಡಬ್ಬಿ ತುಂಬುವುದು. ಆಮೇಲೆ ಎರಡು ಬೀದಿ ದಾಟಿ ಪುರಸಭೆಯ ಅತಿಥಿಗೃಹದ ಹಿಂಬಾಗಿಲು ತೆಗೆಯುವುದು, ಮೆಟ್ಟಿಲು ಗುಡಿಸಿ ಒರೆಸುವುದು, ಹಿಂದಿನ ದಿನ ಒಗೆದ ಚಾದರಗಳಿಗೆ ಇಸ್ತ್ರಿ ಹಾಕುವುದು, ಬಚ್ಚಲುಗಳಲ್ಲಿ ಟವೆಲು ಸೋಪು ಇಡುವುದು, ಕೊನೆಗೆ ಚಹಾಕ್ಕೆ ನೀರಿಡುವುದು. ಊರು ಏಳುವ ಹೊತ್ತಿಗೆ ಅವಳ ಅರ್ಧ ದಿನ ಮುಗಿದಿರುತ್ತಿತ್ತು. "ನಿಂದೇನು ಮಹಾ ಕೆಲಸ, ಹಾಸೋದು ಮಡಿಚೋದು" ಎಂದು ಗಂಡ ಅವಳು ಕಾಯಿಸಿಟ್ಟ ನೀರಿನಲ್ಲೇ ಮೀಯುತ್ತ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ಹಾಸಿ ಮಡಿಚಿದ್ದಕ್ಕೆ ಊರಿನವರು ಅವಳಿಗೆ ಚಾದರಕ್ಕ ಎಂದೇ ಹೆಸರಿಟ್ಟಿದ್ದರು.

ಆ ಅತಿಥಿಗೃಹಕ್ಕೆ ಪರದೇಶದ ನಂಟು ಅಂಟಿಕೊಂಡದ್ದು ಆರು ವರ್ಷದ ಹಿಂದೆ. ಸಮುದ್ರದಾಚೆಯ ಒಂದು ಊರಿಗೂ ಈ ಊರಿಗೂ ಗೆಳೆತನದ ಒಪ್ಪಂದವಾಯಿತು. ಅವರ ಕಾಗದದಲ್ಲಿ ‘ಸಿಸ್ಟರ್’ ಎಂದಿತ್ತು. ಊರ ಬಾಗಿಲಲ್ಲಿ ಫಲಕ ಬರೆಸಬೇಕಾದಾಗ ಪೇಚಾಟಕ್ಕಿಟ್ಟುಕೊಂಡಿತು. ನಮ್ಮ ಮಾತಿನಲ್ಲಿ ಬರೀ ಸೋದರಿ ಎಂದು ಯಾರು ಯಾರನ್ನು ಕರೆದಾರು? ಅಕ್ಕನಾಗಬೇಕು, ಇಲ್ಲವೇ ತಂಗಿಯಾಗಬೇಕು. ಪುರಸಭೆಯಲ್ಲಿ ಎರಡು ಗಂಟೆ ಜಗಳವಾಯಿತು. ನಮ್ಮೂರೇ ಹಳೆಯದು, ನಾವೇ ಅಕ್ಕ ಎಂದು ಕೆಲವರು ಮೇಜು ಗುದ್ದಿದರು. ಅವರ ಹತ್ತಿರ ವಿಮಾನ ನಿಲ್ದಾಣವಿದೆಯಲ್ಲ ಎಂದು ಅಧ್ಯಕ್ಷರು ತೀರ್ಮಾನ ಕೊಟ್ಟರು. ಅವರು ಅಕ್ಕ, ನಾವು ತಂಗಿ. ಎಲ್ಲರೂ ನಕ್ಕರು. ಸಭೆಗೆ ಚಹಾ ಹಂಚುತ್ತಿದ್ದ ಚಾದರಕ್ಕ ಮಾತ್ರ ನಗಲಿಲ್ಲ.

ಅವಳೂ ತಂಗಿಯಾಗಿದ್ದವಳೇ. ಹನ್ನೆರಡರ ವಯಸ್ಸಿನಲ್ಲಿ, ಅಕ್ಕನ ಹೆರಿಗೆಗೆ ಒಂದು ತಿಂಗಳ ಮಟ್ಟಿಗೆ ಎಂದು ಅವ್ವ ಕಳಿಸಿದ್ದಳು. ಆ ತಿಂಗಳು ಏಳು ವರ್ಷ ಎಳೆಯಿತು. ಅಕ್ಕ ಕೆಟ್ಟವಳೇನಲ್ಲ, ಒಂದು ದಿನವೂ ಕೈ ಎತ್ತಿದವಳಲ್ಲ. ಬಂದವರ ಮುಂದೆ "ಇವಳು ನನ್ನ ಬಲಗೈ" ಎಂದು ಬೆನ್ನು ಸವರುತ್ತಿದ್ದಳು. ಬಲಗೈ ಮತ್ತೆ ಶಾಲೆಗೆ ಹೋಗಲಿಲ್ಲ.

ಒಂದೂವರೆ ವರ್ಷದ ಹಿಂದೆ ಸಮುದ್ರದಾಚೆಯ ಆ ಅಕ್ಕನೂರಿನಿಂದ ಹೊಸ ಯೋಜನೆ ಬಂತು. ನಾಲ್ಕು ಹೆಣ್ಣುಮಕ್ಕಳು ಆರು ತಿಂಗಳು ಅಲ್ಲಿನ ಮನೆಗಳಲ್ಲಿ ಅತಿಥಿಗಳಾಗಿದ್ದು, ಭಾಷೆ ಮತ್ತು ಹೋಟೆಲಿನ ಕೆಲಸ ಕಲಿತು ಬರುವುದು. ಮೊದಲ ತಂಡದಲ್ಲಿ ಗಿಳಿ ಹೋದಳು. ಅವಳು ಅತಿಥಿಗೃಹದಲ್ಲಿ ಚಾದರಕ್ಕನ ಜೊತೆ ಐದು ವರ್ಷ ಬಟ್ಟೆ ಒಗೆದವಳು. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಆ ಹೆಸರು. ಹರಿದು ಪಿಸಿದ ಚಾದರ ಕಂಡರೆ ಇಬ್ಬರೂ ಅದರ ಮೂಲೆಯಲ್ಲಿ ಕೆಂಪು ದಾರದ ಎರಡು ಎಳೆ ಅಡ್ಡಡ್ಡ ಹಾಕಿ ಬೀರುವಿನ ಕೆಳಗಿನ ಅರೆಯಲ್ಲಿ ಪೇರಿಸುತ್ತಿದ್ದರು. ಹಾಸಬೇಡ ಎಂದು ಅದರ ಅರ್ಥ. ಆ ಗುರುತು ಅವರಿಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. "ಅಕ್ಕಾ, ನಮ್ಮ ಮೈಗೂ ಎರಡು ಎಳೆ ಹಾಕಿಟ್ರೆ ಬೆಳಿಗ್ಗೆ ಯಾರೂ ಎಬ್ಬಿಸಲ್ಲ ನೋಡು" ಎಂದು ಗಿಳಿ ನಗುತ್ತಿದ್ದಳು.

ಹೋದ ಮೇಲೆ ಆ ಗಿಳಿ ಬರೆದದ್ದು ನಾಲ್ಕು ಸಾಲು. ‘ಇಲ್ಲಿ ಎಲ್ಲ ಸೌಖ್ಯ. ಮನೆಮಗಳಂತೆ ನೋಡಿಕೊಳ್ಳುತ್ತಾರೆ.’ ಉಳಿದ ಮೂವರ ಮನೆಗೂ ಅವೇ ನಾಲ್ಕು ಸಾಲು ಬಂದವು. ಫೋಟೊ ಒಂದು ಬಂತು. ನಾಲ್ವರೂ ಸಾಲಾಗಿ ನಿಂತು ನಗುತ್ತಿದ್ದರು, ಎಂಟು ಕೈಗಳೂ ಬೆನ್ನ ಹಿಂದೆ. ಆರು ತಿಂಗಳು ಕಳೆದಾಗ ಅವಧಿ ವಿಸ್ತರಿಸಲಾಗಿದೆ ಎಂದು ಕಾಗದ ಬಂತು. ಹನ್ನೆರಡು ಕಳೆದಾಗ ಕಾಗದವೂ ಬರಲಿಲ್ಲ. ಗಿಳಿಯ ತಾಯಿ ಪುರಸಭೆಗೆ ಹೋಗಿ ಕೇಳಿದ್ದಕ್ಕೆ, ಅಲ್ಲಿ ಸುಖ ಕಂಡ ಹುಡುಗಿ ನಿಮ್ಮ ಗುಡಿಸಲು ನೆನೆಸಿಕೊಳ್ಳುತ್ತಾಳೇನಮ್ಮ ಎಂದು ಗುಮಾಸ್ತ ಹಲ್ಲು ಕಿರಿದನಂತೆ.

ಎರಡನೆಯ ತಂಡದ ನಾಲ್ವರ ಪಟ್ಟಿಯಲ್ಲಿ ಚಾದರಕ್ಕನ ಮಗಳ ಹೆಸರಿತ್ತು. ಹತ್ತೊಂಬತ್ತರ ಹುಡುಗಿ, ತಾಯಿಗೆ ಹೇಳದೆ ಅರ್ಜಿ ಹಾಕಿದ್ದಳು.

ಅಕ್ಕನೂರಿನ ಗೆಳೆತನ ಸಂಘದಿಂದ ಕಾರ್ಯದರ್ಶಿ ಹೆಂಗಸೂ ಇಬ್ಬರು ಗಂಡಸರೂ ಬಂದಿಳಿದರು. ಮೂರನೆಯ ದಿನ ಮಧ್ಯಾಹ್ನ ಸಭೆಯಾಯಿತು. ಕಾರ್ಯದರ್ಶಿ ಹೆಂಗಸು ಊರಿಗೆ ಕಾಣಿಕೆ ಕೊಟ್ಟಳು. ಬಿಳಿಯ ಮೇಜುಬಟ್ಟೆ, ಅಂಚಿನಲ್ಲಿ ಹೂಬಳ್ಳಿಯ ಕಸೂತಿ. ನಿಮ್ಮ ಹುಡುಗಿಯರೇ ಹೊಲಿದದ್ದು ಎಂದು ಅವಳು ಹೇಳಿದ್ದನ್ನು ಅಧ್ಯಕ್ಷರು ಅನುವಾದಿಸಿದರು. ಚಪ್ಪಾಳೆ ಬಿತ್ತು. ಅದನ್ನು ಹಾಸುವ ಕೆಲಸ ಚಾದರಕ್ಕನಿಗೇ ಬಂತು. ಮೂಲೆ ಎಳೆದು ಸುಕ್ಕು ಬಿಡಿಸುವಾಗ ಮಡಿಚಿದ ಅಂಚಿನ ಒಳಗೆ ಬೆರಳಿಗೆ ಏನೋ ತಡೆಯಿತು. ತಿರುಗಿಸಿ ನೋಡಿದಳು. ಕೆಂಪು ದಾರ. ಎರಡು ಎಳೆ, ಅಡ್ಡಡ್ಡ. ಇನ್ನೊಂದು ಮೂಲೆ ನೋಡಿದಳು. ಅಲ್ಲೂ ಇತ್ತು. ನಾಲ್ಕು ಮೂಲೆಯಲ್ಲೂ ಇತ್ತು. ಬಟ್ಟೆ ಹೊಸದು, ಒಂದು ಕಲೆಯಿಲ್ಲ, ಒಂದು ಹರಕಿಲ್ಲ.

ಸಭೆ ಮುಗಿದ ಮೇಲೆ ಅವಳು ಅಧ್ಯಕ್ಷರಿಗೆ ತೋರಿಸಿದಳು. ಅದು ಆ ದೇಶದ ಫ್ಯಾಷನ್ನಮ್ಮ ಎಂದು ಅವರು ಬೆನ್ನು ತಟ್ಟಿದರು. ಮನೆಯಲ್ಲಿ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಮಗಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ದಾರ ನೋಡಿ ಭವಿಷ್ಯ ಹೇಳ್ತೀಯೇನಮ್ಮ?"

"ಗಿಳಿ ಹೇಳಿ ಕಳಿಸಿದಾಳೆ ಕಣೇ. ಹಾಸಬೇಡ ಅಂತ. ಕಳಿಸಬೇಡ ಅಂತ."

"ಫೋನ್ ಇಲ್ವಾ ಅವಳಿಗೆ? ಬಾಯಿ ಇಲ್ವಾ?"

"ಅದನ್ನೇ ನಾನೂ ಕೇಳ್ತಿರೋದು. ಅವಳ ಬಾಯಿಗೆ ಏನಾಯ್ತು?"

ಮಗಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಪೆಟ್ಟಿಗೆಯ ಮುಚ್ಚಳ ಒತ್ತಿದಳು. "ಅಮ್ಮ, ನಿನ್ನ ಹಾಗೆ ಕಂಡೋರ ಹಾಸಿಗೆ ಕೊಡವಿಕೊಂಡು ಇಲ್ಲೇ ಸಾಯಲಾ? ಅದನ್ನಾದ್ರೂ ಹೇಳು."

ಚಾದರಕ್ಕ ನೆಲದ ಮೇಲೆ ಬಿದ್ದಿದ್ದ ಮಗಳ ದುಪಟ್ಟಾ ಎತ್ತಿ ಮಡಿಚಿಟ್ಟಳು.

ಮರುದಿನ ಬೆಳಿಗ್ಗೆ ಏಳಕ್ಕೆ ಹುಡುಗಿಯರನ್ನು ಒಯ್ಯುವ ವ್ಯಾನು. ಐದಕ್ಕೇ ಅವಳು ಹಿಂಬಾಗಿಲು ತೆಗೆದಳು. ಮಹಡಿಯಲ್ಲಿ ಅತಿಥಿಗಳು ಮಲಗಿದ್ದರು, ಯಾರದೋ ಗೊರಕೆ ಮೆಟ್ಟಿಲವರೆಗೆ ಇಳಿದು ಬರುತ್ತಿತ್ತು. ಮೆಟ್ಟಿಲು ಒರೆಸಿದಳು. ಇಸ್ತ್ರಿ ಮುಗಿಸಿದಳು. ಟವೆಲುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕಚೇರಿ ಕೋಣೆಯ ಮುಂದೆ ನಿಂತಳು. ಹುಡುಗಿಯರು ಕಳೆದುಕೊಂಡಾರು ಎಂದು ಪಾಸ್‌ಪೋರ್ಟುಗಳನ್ನೆಲ್ಲ ಅಧ್ಯಕ್ಷರು ಮೊದಲೇ ಇಸಿದುಕೊಂಡಿದ್ದರು. ಬೆಳಿಗ್ಗೆ ಅವು ಕಾರ್ಯದರ್ಶಿ ಹೆಂಗಸಿನ ಕೈಸೇರಬೇಕು, ಅಲ್ಲಿಯೂ ಅವಳ ಹತ್ತಿರವೇ ಇರಬೇಕು. ಲಕೋಟೆ ಮೇಜಿನ ಖಾನೆಯಲ್ಲಿತ್ತು. ಖಾನೆಯ ಕೀಲಿ ಎಲ್ಲ ಕೀಲಿಗಳಂತೆ ಚಾದರಕ್ಕನ ಸೊಂಟದಲ್ಲಿತ್ತು. ಗುಡಿಸುವವಳ ಸೊಂಟದಲ್ಲಿ ಏನೇನು ತೂಗಾಡುತ್ತದೆ ಎಂದು ಯಾರು ನೋಡುತ್ತಾರೆ?

ಲಕೋಟೆಯಿಂದ ಮಗಳದನ್ನು ಹುಡುಕಿ ತೆಗೆದಳು. ಫೋಟೊದಲ್ಲಿ ಮಗಳು ಹುಬ್ಬು ಗಂಟಿಕ್ಕಿದ್ದಳು. ಇನ್ನು ಮುಂದೆ ಮನೆಯಲ್ಲಿ ದಿನಾ ನೋಡಬೇಕಾದ ಮುಖ ಇದೇ. ಎಷ್ಟು ವರ್ಷವೋ. ಇವಳು ಉಳಿದಾಳು, ಆದರೆ ಅಮ್ಮ ಎಂದು ಕರೆದಾಳೆಂಬ ಭರವಸೆಯಿಲ್ಲ. ತನ್ನ ಇಲ್ಲಿಯ ನೌಕರಿಯಂತೂ ಇವತ್ತಿಗೇ ಮುಗಿಯಿತು.

ಲಕೋಟೆ ಮುಚ್ಚಿದಳು. ಖಾನೆಗೆ ಇಟ್ಟಳು. ಕೀಲಿ ತಿರುಗಿಸುವ ಮೊದಲು ಕೈ ತಡೆಯಿತು. ಮೇಜುಬಟ್ಟೆಯ ಒಂದೇ ಮೂಲೆಯಲ್ಲಿ ಆ ಗುರುತು ಇದ್ದಿದ್ದರೆ ಒಬ್ಬಳಿಗೆ ಎಂದುಕೊಳ್ಳಬಹುದಿತ್ತು. ಗಿಳಿ ನಾಲ್ಕು ಮೂಲೆಗೂ ಹಾಕಿದ್ದಳು. ಇವತ್ತು ಹೊರಡುವ ಇನ್ನುಳಿದ ಮೂವರ ತಾಯಂದಿರೂ ಈ ಹೊತ್ತಿಗೆ ಎದ್ದಿರುತ್ತಾರೆ, ದಾರಿಗೆಂದು ಡಬ್ಬಿ ತುಂಬುತ್ತಿರುತ್ತಾರೆ.

ಲಕೋಟೆಯನ್ನು ಇಡಿಯಾಗಿ ತೆಗೆದು ಟವೆಲುಗಳ ನಡುವೆ ಸೇರಿಸಿದಳು. ಬೀರುವಿನ ಕೆಳಗಿನ ಅರೆಯಲ್ಲಿ, ಕೆಂಪು ಎಳೆಯ ಚಾದರಗಳ ರಾಶಿಯ ತೀರಾ ಅಡಿಯಲ್ಲಿ ಅದನ್ನು ತೂರಿಸಿ, ಮೇಲೆ ಅಂಗೈಯಿಂದ ಒತ್ತಿ ಸರಿಮಾಡಿ, ಬೀಗ ಹಾಕಿದಳು. ಮಹಡಿಯಲ್ಲಿ ಗೊರಕೆ ನಿಂತಿತು. ಮಂಚ ಕಿರುಗುಟ್ಟಿತು.

ಚಾದರಕ್ಕ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿಯತೊಡಗಿದವು. ಚಹಾಕ್ಕೆ ನೀರಿಡುವುದೊಂದು ಬಾಕಿಯಿತ್ತು. ಅವಳು ಏಳಲಿಲ್ಲ.