ಜಾಂಬೋಟಿ ಆಚೆ ನನ್ನ ಹೆಸರಿನ ಸೇತುವೆ

ನನ್ನ ಹೆಸರಿನಲ್ಲಿ ಗುತ್ತಿಗೆದಾರರ ಲೈಸೆನ್ಸ್ ಮಾಡಿಸಿದವರು ನನ್ನ ಯಜಮಾನರು. ಅವರ ಲೈಸೆನ್ಸ್ ಮೇಲೆ ಆಗಲೇ ಕೆಲಸಗಳು ಬಾಕಿ ಇದ್ದವು. ಹೊಸ ಟೆಂಡರ್ ಹಾಕಲು ಇನ್ನೊಂದು ಹೆಸರು ಬೇಕಿತ್ತು. ನಾನು ಸದಾಶಿವನಗರದ ಮನೆಯಲ್ಲಿ ಕುಬಸ ಹೊಲಿದುಕೊಂಡಿದ್ದವಳು. ಅವರು ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿ ಮತ್ತೆ ಮಷೀನು ತುಳಿಯುತ್ತಿದ್ದೆ.

ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ಆಚೆ, ಒಂದು ಹಳ್ಳಕ್ಕೆ ಸಣ್ಣ ಸೇತುವೆ ಕಟ್ಟುವ ಕೆಲಸ ಹಾಗೆ ನನ್ನದಾಯಿತು. ಮೊದಲ ಮಳೆಗಾಲದಲ್ಲೇ ಅದರ ಒಂದು ಬದಿಯ ಗೋಡೆ ಕೊಚ್ಚಿ ಹೋಯಿತು. ಕಳಪೆ ಕೆಲಸ ಮಾಡಿ ಪೂರಾ ಬಿಲ್ ತೆಗೆದಿದ್ದಾರೆ ಎಂದು ಯಾರೋ ದೂರು ಕೊಟ್ಟರು. ವಿಚಾರಣೆಗೆ ಕರೆ ಬಂದದ್ದು ನನಗೆ.

"ಕೆಲಸಾ ನಾನ ನಿಂತು ಮಾಡಿಸೇನಿ ಅಂತ ನೀ ಹೇಳು" ಎಂದರು ಯಜಮಾನರು. ವಕೀಲರು, "ನನಗೇನೂ ಗೊತ್ತಿಲ್ಲ ಅನ್ರಿ, ಅಷ್ಟ ಸಾಕು" ಎಂದರು. ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋದೆ.

ಅಧಿಕಾರಿ ನನ್ನ ವಾರಗೆಯ ಹೆಂಗಸು. "ಕುಂದರ್ರಿ" ಎಂದು ನೀರು ಕೊಡಿಸಿ, "ನೀರು ಹಾಯಾಕ ಕೆಳಗ ಪೈಪ್ ಹಾಕೀರೋ, ಕಮಾನು ಕಟ್ಟೀರೋ?" ಎಂದು ಕೇಳಿದರು.

"ನೆನಪಿಲ್ರಿ" ಎಂದೆ. ಅದು ಇಬ್ಬರೂ ಹೇಳಿಕೊಡದ ಉತ್ತರ. ಮುಂದಿನ ವಾರ ಮತ್ತೆ ಬರಲು ಹೇಳಿದರು.

ಮನೆಗೆ ಬಂದು ಯಜಮಾನರಿಗೆ, "ಒಮ್ಮೆ ನನಗ ಅದನ್ನ ತೋರಿಸ್ರಿ" ಎಂದೆ.

"ನೋಡಿ ಏನ ಮಾಡಾಕಿ?" ಎಂದರು. ಆದರೂ ಮರುದಿನ ಬೈಕಿನಲ್ಲಿ ಕರೆದುಕೊಂಡು ಹೋದರು.

ಕೆಳಗೆ ಇದ್ದದ್ದು ಪೈಪುಗಳು. ಬಾಜು ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸೊಬ್ಬಳು ನಡು ನೆಟ್ಟಗೆ ಮಾಡಿ, "ಯಾರ್ರಿ ಅಕ್ಕಾರ ನೀವು?" ಎಂದಳು.

"ಇದನ್ನ ಕಟ್ಟಿದಾಕಿ" ಎಂದುಬಿಟ್ಟೆ. ಬಾಯಿಗೆ ಅದು ಹೇಗೆ ಬಂತೋ.

ಅವಳು ನಗಲಿಲ್ಲ. "ಖರೇ ಏನ್ರಿ? ಹಂಗಾದ್ರ ಈ ಸಲ ಸ್ವಲ್ಪ ಎತ್ತರ ಕಟ್ರಿ. ಮಳಿ ಜೋರಾತಂದ್ರ ಹುಡುಗೂರಿಗೆ ಸಾಲಿಗೆ ಹೋಗಾಕ ಆಗೂದಿಲ್ಲ."

"ಆಗಲಿ" ಎಂದೆ. ಯಾವ ಅಧಿಕಾರದಿಂದ ಹಾಗೆ ಒಪ್ಪಿಕೊಂಡೆ ಎಂದು ಇಂದಿಗೂ ತಿಳಿದಿಲ್ಲ. ಯಜಮಾನರು ಬೇರೆ ಕಡೆ ನೋಡುತ್ತ ನಿಂತಿದ್ದರು.

ಬರುವಾಗ ಕೇಳಿದೆ: "ಸಿಮೆಂಟ್ ಕಡಿಮಿ ಹಾಕಿದ್ರೇನ್ರಿ?"

"ಆ ಮಳ್ಯಾಗ ಯಾವ ಗ್ವಾಡಿ ನಿಂದರತೈತಿ ಹೇಳು" ಎಂದರು. ಅದು ಹೌದೋ ಅಲ್ಲವೋ ನನಗೆ ಬಗೆಹರಿಯಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ.

ಎರಡನೆಯ ಸಲ ಅಧಿಕಾರಿಯ ಎದುರು ಇದ್ದದ್ದನ್ನೇ ಹೇಳಿದೆ: ಸಹಿ ನನ್ನದು, ಕೆಲಸ ಮನೆಯವರದು, ಸೇತುವೆ ಮೊದಲ ಸಲ ನೋಡಿದ್ದು ಹೋದ ವಾರ. ಅವರು ಎಲ್ಲ ಬರೆದುಕೊಂಡು, "ಖರೇ ಹೇಳಿದ್ರಿ, ಛಲೋ ಆತು. ಆದ್ರ ಸಹಿ ಮಾಡಿದವರು ನೀವು, ಕೇಸಿನ್ಯಾಗ ನಿಮ್ಮ ಹೆಸರು ಬಿಡೂದಿಲ್ಲ. ಈಗ ನಿಮ್ಮ ಮನಿಯವರದೂ ಬರತೈತಿ" ಎಂದರು. ಇಬ್ಬರಲ್ಲಿ ಒಬ್ಬರಾದರೂ ಪಾರಾಗುತ್ತೇವೆ ಅಂದುಕೊಂಡಿದ್ದೆ.

ಇಬ್ಬರ ಲೈಸೆನ್ಸೂ ಕಪ್ಪುಪಟ್ಟಿಗೆ ಸೇರಿದವು. ಯಜಮಾನರು ಬಹಳ ದಿನ ತಾವೇ ಬಡಿಸಿಕೊಂಡು ಉಂಡೆದ್ದರು. ಈಗ ರವಿವಾರಪೇಟೆ ಬೀದಿಯಲ್ಲಿ ಗೆಳೆಯರೊಬ್ಬರ ಅಂಗಡಿ ನೋಡಿಕೊಳ್ಳುತ್ತಾರೆ. ಸೇತುವೆಯ ಗೋಡೆಯನ್ನು ಬೇರೆ ಗುತ್ತಿಗೆದಾರರು ಕಟ್ಟಿದರಂತೆ. ಎತ್ತರ ಮಾಡಿದರೋ ಇಲ್ಲವೋ ಗೊತ್ತಿಲ್ಲ.

ಕೇಸು ಇನ್ನೂ ನಡೆದಿದೆ. ತಾರೀಖಿಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತೇವೆ. ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ರೂಢಿಯಿಂದ ಮೊದಲು ಅವರೇ ಏಳುತ್ತಾರೆ. ಆಮೇಲೆ ನನ್ನ ಮುಖ ನೋಡಿ ಕೂರುತ್ತಾರೆ.