ದೊಡ್ಡಬಸಪ್ಪನ ಹೊಲಕ್ಕೆ ರೋಗವಿಲ್ಲ

ಕಾರಟಗಿ ದಾಟಿ ಹಳ್ಳದ ಕಡೆಗೆ ಇಳಿಯುವ ದಾರಿಯಲ್ಲಿ ದೊಡ್ಡಬಸಪ್ಪನ ಹೊಲವಿದೆ. ನಿಜಕ್ಕೂ ಅದು ಭತ್ತದ ಗದ್ದೆ. ಆದರೆ ಕಾಲುವೆ ಬರುವ ಮೊದಲು ಅವನ ಅಜ್ಜ ಅಲ್ಲಿ ಜೋಳ ಬಿತ್ತುತ್ತಿದ್ದುದರಿಂದ ಆ ಮನೆಯವರ ಬಾಯಲ್ಲಿ ಇಂದಿಗೂ ಹೊಲ. ಬೇಸಿಗೆಯಲ್ಲಿ ಕಾಲುವೆ ಬಂದಾದ ಮೇಲೆ ಆ ದಾರಿಯಲ್ಲಿ ಹೋದವರಿಗೆ ದೂರದಿಂದಲೇ ಒಂದು ಬಿಳುಪು ಕಾಣುತ್ತದೆ, ಕರಿಮಣ್ಣಿನ ಮೇಲೆ ಯಾರೋ ಸುಣ್ಣ ಉಗ್ಗಿ ಹೋದಂತೆ. ಊರವರು ಅದನ್ನು ಸವಳು ಎನ್ನುತ್ತಾರೆ. ದೊಡ್ಡಬಸಪ್ಪನ ಬಳಿ ಅದಕ್ಕೆ ಬೇರೆ ಹೆಸರುಗಳಿದ್ದವು. ಒಂದು ವರ್ಷ ಅದು ಕೊಕ್ಕರೆಗಳ ಹಿಕ್ಕೆ. ಇನ್ನೊಂದು ವರ್ಷ ಹರಿದುಹೋದ ಗೊಬ್ಬರದ ಚೀಲ. ಮತ್ತೊಂದು ವರ್ಷ ಏನೂ ಇಲ್ಲ, ಬರೀ ಬಿಸಿಲಿನ ಝಳ. ದೋಷವಿದ್ದದ್ದು ನೋಡುವವರ ಕಣ್ಣಿನಲ್ಲಿ.

ತನಗೆ ಸಕ್ಕರೆ ಕಾಯಿಲೆ ಬಂದಾಗ ಅವನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಮೊಣಕಾಲು ನೋವನ್ನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಧೋತರ ಎತ್ತಿ ತೋರಿಸುತ್ತಿದ್ದ. ಹೊಲಕ್ಕೆ ಉಪ್ಪು ಹತ್ತಿದ್ದು ಮಾತ್ರ ಅವನ ಮನೆಯಲ್ಲಿ ಆಡಬಾರದ ಮಾತು. ಮೈಗೆ ರೋಗ ಬಂದರೆ ಅದು ದೇವರ ಇಚ್ಛೆ. ಮಣ್ಣಿಗೆ ಬಂದರೆ ಮನೆತನಕ್ಕೆ ಕಲೆ. ಇಂಥ ತರ್ಕವನ್ನು ತಲೆಯ ಮೇಲೆ ರುಮಾಲಿನಂತೆ ಸುತ್ತಿಕೊಂಡು ಅವನು ಅರವತ್ತು ದಾಟಿದ.

ಉಪ್ಪು ಆಕಾಶದಿಂದ ಬಿದ್ದದ್ದಲ್ಲ. ಆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ವರ್ಷಕ್ಕೆರಡು ಬೆಳೆ ಭತ್ತಕ್ಕೆಂದು ನಿಲ್ಲಿಸಿದ ನೀರು ಕೆಳಗಿಳಿದು, ಹೊರಗೆ ಹೋಗಲು ದಾರಿ ಕಾಣದೆ, ಬೇಸಿಗೆಯಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಬರುವಾಗ ಮಣ್ಣಿನೊಳಗೆ ಮಲಗಿದ್ದ ಉಪ್ಪನ್ನೂ ಎಬ್ಬಿಸಿಕೊಂಡು ಬರುತ್ತದೆ. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಬಿಟ್ಟುಹೋಗುತ್ತದೆ. ಇದು ಕಾಲುವೆ ಬಯಲಿನ ಮಕ್ಕಳಿಗೂ ಗೊತ್ತು. ದೊಡ್ಡಬಸಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೇ ಅವನು ಉಪ್ಪಿಗೆ ಕಂಡುಹಿಡಿದ ಮದ್ದು ಇನ್ನಷ್ಟು ನೀರು. ನೀರು ನಿಂತಿದ್ದರೆ ಬಿಳುಪು ಕಾಣುವುದಿಲ್ಲವಲ್ಲ. ಹೊಲದ ಕೆಳಗಿನ ಮತ್ತು ಮೇಲಿನ ಒಡ್ಡುಗಳನ್ನು ಆಳೆತ್ತರ ಮಾಡಿ, ಬೇಕಾದಾಗ ಕೆರೆಯಂತೆ ತುಂಬಿಸಿಕೊಂಡ. ಕಾಲುವೆ ಬಂದಾದ ತಿಂಗಳುಗಳಲ್ಲಿ ಊರು ಉಂಡು ಮಲಗಿದ ಮಟಮಟ ಮಧ್ಯಾಹ್ನ ಒಬ್ಬನೇ ಸಲಿಕೆ ಹಿಡಿದು ಹೋಗಿ, ದಾರಿಯ ಮಗ್ಗುಲಿನ ಬಿಳುಪನ್ನಷ್ಟು ಕೆರೆದು ಹಳ್ಳಕ್ಕೆ ಎಸೆದು ಬರುತ್ತಿದ್ದ. ಚಹಾದಂಗಡಿಯ ಹನಮೇಶ ಗಿರಾಕಿಗಳಿಗೆ ಹೇಳುತ್ತಿದ್ದ: ಹಳೇ ಕಾಲದಾಗ ಸವಳುಮಣ್ಣಿಲೆ ಅರಿಬಿ ಒಗೀತಿದ್ರಂತ, ನಮ್ಮ ದೊಡ್ಡಬಸಪ್ಪಗೌಡ್ರ ಹೊಲ ಇರೂತನಕ ಊರಿಗೆ ಸೋಪು ಬ್ಯಾಡ.

ಮಗ ಶರಣಕುಮಾರನಿಗೆ ಬೇವೂರಿನಿಂದ ಹೆಣ್ಣು ಗೊತ್ತಾದಾಗ ಈ ವಿದ್ಯೆ ಚೆನ್ನಾಗಿ ಫಲಿಸಿತು. ಈ ಭಾಗದಲ್ಲಿ ಹೆಣ್ಣು ಕೊಡುವವರು ಮನೆ ನೋಡಿದ ಮೇಲೆ ಹೊಲ ನೋಡಬೇಕು. ಹುಡುಗನನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಬೀಗರು ಬರುವ ಹಿಂದಿನ ದಿನ ದೊಡ್ಡಬಸಪ್ಪ ತೂಬು ತೆರೆದು ಹೊಲವನ್ನು ಒಡ್ಡಿನ ಅಂಚಿಗೆ ತುಂಬಿಸಿದ. ಬೇವೂರಿನವರು ಮಳೆಯನ್ನೇ ನಂಬಿ ಬದುಕುವ ಜನ, ಒಂದು ಹದ ಮಳೆಯಾದರೆ ಮೂರು ಊರಿಗೆ ಫೋನು ಮಾಡುವವರು. ಅಷ್ಟು ನೀರು ಕಂಡು ಅವರ ಬಾಯಿ ಒಣಗಿತು. ಹುಡುಗಿಯ ತಂದೆ ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ನೀರಿನ ಕೆಳಗೆ ಏನಿದೆ ಎಂದು ಕೇಳಲಿಲ್ಲ. ಶೈಲಜಾ ಈ ಮನೆಗೆ ಸೊಸೆಯಾಗಿ ಬಂದಳು. ಬಂದ ಮೊದಲ ತಿಂಗಳೇ ಅಕ್ಕಿಯ ಚೀಲ ಕಾರಟಗಿಯ ಅಂಗಡಿಯಿಂದ ಬರುವುದನ್ನು ಕಂಡು ಅತ್ತೆಯ ಮುಖ ನೋಡಿದಳು. ಅತ್ತೆ ಬಸವಣ್ಣೆಮ್ಮ ಒಲೆಯ ಕಡೆ ನೋಡಿದಳು. ಭತ್ತ ಬೆಳೆಯುವ ಮನೆ ಅಕ್ಕಿ ಕೊಂಡು ತಿನ್ನುತ್ತಿತ್ತು, ಅದೂ ಬೇರೆ ಊರಿನ ಅಂಗಡಿಯಿಂದ.

ಈ ನಾಟಕದ ಖರ್ಚು ದೊಡ್ಡಬಸಪ್ಪನದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನ ಹೊಲದ ಮೇಲ್ಭಾಗದಲ್ಲಿ ಹೊಳಿಯಮ್ಮನ ಒಂದು ಎಕರೆ ಇತ್ತು. ಹೊಳಿಯಮ್ಮ ನಾಟಿ ಹಚ್ಚುವ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಊರ ಗದ್ದೆಗಳಲ್ಲೆಲ್ಲ ಬೆನ್ನು ಬಗ್ಗಿಸಿದವಳು. ಊರವರ ಗದ್ದೆಯ ಕೆಲಸ ಮುಗಿದ ಮೇಲೆ ತನ್ನ ಎಕರೆಗೆ ಇಳಿಯುತ್ತಿದ್ದಳು. ತಾನು ಹಿಡಿದ ಸಸಿ ತನ್ನ ಮಣ್ಣಿಗೇ ಹೋಗುವ ಆ ಎರಡು ದಿನಕ್ಕಾಗಿ ಆಕೆ ವರ್ಷವಿಡೀ ಕಾಯುತ್ತಿದ್ದಳೆಂದು ಕಾಣುತ್ತದೆ. ಆ ದಿನಗಳಲ್ಲಿ ಮಾತ್ರ ಅವಳು ಹಾಡುತ್ತಿದ್ದಳು. ದೊಡ್ಡಬಸಪ್ಪನ ಒಡ್ಡು ಎತ್ತರವಾದ ಮೇಲೆ ಅವಳ ನೀರು ಹಳ್ಳಕ್ಕೆ ಹರಿಯುವುದು ನಿಂತಿತು. ಮೊದಲು ಕೆಳಮಗ್ಗುಲಿನ ಸಸಿಗಳು ತುದಿ ಸುಟ್ಟುಕೊಂಡು ಕೂತವು. ಮರುವರ್ಷ ಅಲ್ಲಿ ಸಸಿಯೇ ಹಿಡಿಯಲಿಲ್ಲ. ಅದರ ಮರುವರ್ಷ ಅರ್ಧ ಎಕರೆ ಬಿಳಿಚಿಕೊಂಡಿತು. ಇನ್ನೊಂದೆರಡು ಬೆಳೆ ಹೀಗೇ ಹೋದರೆ ಅದು ಹೊಲವಾಗಿ ಉಳಿಯುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಆ ವರ್ಷ ಅವಳು ಹಾಡಲಿಲ್ಲ ಎಂದು ಜೊತೆಯ ಹೆಂಗಸರು ಹೇಳುತ್ತಾರೆ.

ಇಂಥ ಹೊತ್ತಿನಲ್ಲಿ ಸರಕಾರಕ್ಕೆ ಮಣ್ಣಿನ ನೆನಪಾಯಿತು. ಮಣ್ಣು ಪರೀಕ್ಷೆ ಮಾಡಿಸುತ್ತಾರೆ, ಉಪ್ಪು ಹತ್ತಿದ ಹೊಲಗಳ ಕೆಳಗೆ ಕೊಳವೆ ಹೂಳಿ ನೀರು ಬಸಿಯುತ್ತಾರೆ ಎಂದು ಸುದ್ದಿ ಬಂತು. ಅದರ ಹಿಂದೆ ರವಿಕುಮಾರ ಎಂಬ ಅಧಿಕಾರಿ ಬಂದ. ಹೊಲಹೊಲಕ್ಕೆ ಹೋಗಿ ಹತ್ತು ಕಡೆ ಅಗೆದು, ಬೆರೆಸಿ, ಮಣ್ಣು ತರಬೇಕಾದವನು ಅವನೇ. ಆದರೆ ಅವನ ಬೂಟು ಹೊಸದು, ಗದ್ದೆ ಕೆಸರು. ಆದ್ದರಿಂದ ಪಂಚಾಯಿತಿ ಕಟ್ಟೆಯ ಮೇಲೆ ಕೂತು, ಪ್ಲಾಸ್ಟಿಕ್ ಚೀಲಗಳನ್ನು ಹಂಚಿ, ನಿಮ್ಮ ನಿಮ್ಮ ಮಣ್ಣು ನೀವೇ ತಂದುಕೊಡಿ ಎಂದ. ಹಂಚುವ ಫೋಟೋ ತೆಗೆಸಿಕೊಂಡ.

ಆಗ ಊರು ಮಾಡಿದ್ದನ್ನು ಬೇರೆ ಯಾವ ಸೀಮೆಯವರೂ ಮಾಡಲಾರರು. ಮಣ್ಣನ್ನು ದೊಡ್ಡವರ ಮುಂದೆ ಇಡುವುದೆಂದರೆ ಮಗಳನ್ನು ವರನ ಕಡೆಯವರ ಮುಂದೆ ಕೂರಿಸಿದಂತೆ. ತಲೆ ಬಾಚದೆ, ಮುಖ ತೊಳೆಯದೆ ಯಾರು ಕೂರಿಸುತ್ತಾರೆ? ಒಬ್ಬೊಬ್ಬರೂ ತಮ್ಮ ಹೊಲದಲ್ಲಿ ಚೆಂದದ ಮೂಲೆ ಹುಡುಕಿ ಹೋದರು. ದೊಡ್ಡಬಸಪ್ಪ ಎಲ್ಲರಿಗಿಂತ ಮುಂದೆ. ಒಡ್ಡಿನ ಮೇಲೆ, ಬೇವಿನ ಮರದ ಬುಡದಲ್ಲಿ, ನಾಲ್ಕು ವರ್ಷ ತಿಪ್ಪೆ ಇದ್ದ ಜಾಗದ ಮಣ್ಣನ್ನು ಜರಡಿ ಹಿಡಿದು, ಹರಳು ಆರಿಸಿ, ಚೀಲಕ್ಕೆ ತುಂಬಿ ದಾರ ಕಟ್ಟಿ ಕೊಟ್ಟ. ಕುಂಕುಮ ಹಚ್ಚುವುದೊಂದು ಬಾಕಿ. ಹೊಳಿಯಮ್ಮ ಒಬ್ಬಳು ಸತ್ತ ಕೆಳಮಗ್ಗುಲಿನ ಬಿಳಿಮಣ್ಣನ್ನು ಸೆರಗಿನಲ್ಲಿ ತಂದಳು. ಅವಳಿಗೆ ತೋರಿಸಿಕೊಳ್ಳಲು ಬೇರೆ ಮೂಲೆ ಉಳಿದಿರಲಿಲ್ಲ.

ಫಲಿತಾಂಶದ ಕಾರ್ಡುಗಳು ಬಂದವು. ದೊಡ್ಡಬಸಪ್ಪನ ಮಣ್ಣು ಸಾರವುಳ್ಳದ್ದು, ನಿರೋಗಿ. ಆ ಕಾರ್ಡಿಗೆ ಅವನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಹೊಳಿಯಮ್ಮನದು ಮತ್ತು ಚೆಂದದ ಮೂಲೆಯಲ್ಲೂ ಉಪ್ಪು ಅಡಗಿದ್ದ ಮೇಲಿನ ಕೆಲವರದು ಕೆಟ್ಟಿದೆಯೆಂದು ಬಂತು. ಕೊಳವೆ ಹೂಳಲು ಮಂಜೂರಾಯಿತು. ಆಮೇಲೆ ರವಿಕುಮಾರ ಬಿಸಿಲಿನಲ್ಲಿ ನಿಂತು ನಕಾಶೆ ಬಿಚ್ಚಿದಾಗ, ಬೂಟು ಕೆಸರಾಗದಂತೆ ಕಾಪಾಡಿಕೊಂಡದ್ದರ ಬೆಲೆ ತಿಳಿಯಿತು. ಅವರೆಲ್ಲರ ನೀರು ಹಳ್ಳಕ್ಕೆ ಸೇರಬೇಕಾದರೆ ಕೊಳವೆ ಹೋಗಬೇಕಾದದ್ದು ದೊಡ್ಡಬಸಪ್ಪನ ಹೊಲದ ನಡುವೆ. ಬೇರೆ ಇಳಿಜಾರಿಲ್ಲ. ಅವನು ಒಪ್ಪಬೇಕು. ಮುಂಗಾರಿನ ನೀರು ಕಾಲುವೆಗೆ ಬರುವುದರೊಳಗೆ ಒಪ್ಪದಿದ್ದರೆ ಕೊಳವೆಗಳು ಬೇರೆ ಊರಿಗೆ ಹೋಗುತ್ತವೆ.

ದೊಡ್ಡಬಸಪ್ಪ ಅಧಿಕಾರಿಯನ್ನು ಪಡಸಾಲೆಗೆ ಕರೆದು, ಕಾರ್ಡಿನ ಕೆಳಗೇ ಕೂರಿಸಿ, ಚಹಾ ಕೊಟ್ಟ.

"ನೀವ ಬರೆದು ಕೊಟ್ಟೀರಿ ನೋಡ್ರಿ ಸಾಹೇಬ್ರ, ನನ್ನ ಹೊಲ ಗಟ್ಟಿಮುಟ್ಟ ಐತಿ ಅಂತ. ರೋಗ ಇಲ್ಲದ ಮೈಗೆ ಆಪರೇಷನ್ ಯಾಕ್ರಿ?"

ರವಿಕುಮಾರ ತಲೆಯ ಮೇಲಿನ ಕಾರ್ಡನ್ನು ನೋಡಿದ. ತನ್ನ ಇಲಾಖೆಯ ಕಾಗದವನ್ನು ತಾನೇ ಸುಳ್ಳು ಎನ್ನುವುದು ಹೇಗೆ? ಚಹಾ ಕುಡಿದು ಎದ್ದು ಹೋದ. ಊರ ಹಿರಿಯರು ಹೋಗಿ ಹೇಳಿದರು, ಮಗ ಹೇಳಿದ. ಹೊಲದ ನಡುವೆ ಯಂತ್ರ ಅಗೆದರೆ ಜನ ಏನೆಂದುಕೊಳ್ಳುತ್ತಾರೆ, ಬೇವೂರಿನ ಬೀಗರು ಏನೆಂದುಕೊಳ್ಳುತ್ತಾರೆ ಎಂಬುದೊಂದೇ ದೊಡ್ಡಬಸಪ್ಪನ ಮಾತು. ಅವನ ಮಟ್ಟಿಗೆ ಜಗತ್ತಿನ ಜನರೆಲ್ಲ ಬೇರೆ ಕೆಲಸವಿಲ್ಲದೆ ಅವನ ಹೊಲವನ್ನೇ ನೋಡುತ್ತ ನಿಂತಿದ್ದರು.

ಕಾಲುವೆಗೆ ನೀರು ಬಿಡುವ ಸುದ್ದಿ ಹತ್ತಿರವಾದಾಗ ಒಂದು ಬೆಳಿಗ್ಗೆ ಹೊಳಿಯಮ್ಮ ಅವನ ಮನೆಗೆ ಬಂದಳು. ಜಗಳಕ್ಕೆ ಬಂದಳೆಂದು ದೊಡ್ಡಬಸಪ್ಪ ಮೊದಲೇ ಗಂಟಲು ಸರಿಮಾಡಿಕೊಂಡ. ಅವಳು ಕಟ್ಟೆಯ ಕೆಳಗೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿಧಾನವಾಗಿ ಮಾತು ತೆಗೆದಳು.

"ಗೌಡ್ರ, ನಿಮ್ಮ ಹೊಲಕ್ಕ ಏನೂ ಆಗಿಲ್ರಿ."

ಅವನು ಇಂಥ ಮಾತನ್ನು ಇನ್ನೊಬ್ಬರ ಬಾಯಿಂದ ಎಂದೂ ಕೇಳಿರಲಿಲ್ಲ. "ಅದನ್ನ ನಾನೂ ಹೇಳಾಕತ್ತೀನಿ," ಎಂದ.

"ಕೆಟ್ಟಿದ್ದು ನಂದು. ನೀರು ಕಟ್ಟೂದು ತಿಳೀದ ಕೆಡಿಸಿಕೊಂಡೀನಿ. ನನ್ನ ಹೊಲದ ಹೊಲಸು ಹಳ್ಳಕ್ಕ ಹೋಗಾಕ ನಿಮ್ಮ ಹೊಲದಾಗ ಒಂದೀಟು ದಾರಿ ಕೊಟ್ರ ನಿಮ್ಮ ಹೆಸರು ಉಳೀತೈತ್ರಿ. ದೊಡ್ಡೋರು, ಬಡವಿಗೆ ದಾರಿ ಬಿಟ್ರು ಅಂತಾರ ಮಂದಿ."

ದೊಡ್ಡಬಸಪ್ಪ ಮೀಸೆ ನೀವಿಕೊಂಡ. ಎಷ್ಟೋ ವರ್ಷ ಬಾಗಿಲು ಬಡಿದರೂ ತೆರೆಯದ ಮನಸ್ಸಿಗೆ ಅವಳು ಕೀಲಿಯ ತೂತು ಕಂಡುಕೊಂಡಿದ್ದಳು.

"ಇದನ್ನ ಮಂದಿ ಮುಂದ ಹೇಳ್ತಿ?"

"ಪಂಚಾಯ್ತಿ ಕಟ್ಟಿ ಮ್ಯಾಲ ನಿಂತು ಹೇಳ್ತೀನ್ರಿ."

ಒಳಗಿನಿಂದ ಬಸವಣ್ಣೆಮ್ಮನ ದನಿ ಕೇಳಿಸಿತು. ಗಂಡನ ಮಾತಿಗೆ ನಡುವೆ ಬಾಯಿ ಹಾಕುವವಳಲ್ಲ ಆಕೆ. "ಕೊಟ್ಟ ಬಿಡ್ರಿ. ಆಕಿ ಹೊಲದ ಸವಳು ಭಾಳ ಕೆಟ್ಟದ್ದು. ನಮ್ಮ ಕಣಜದಾಗಿನ ನೆಲ್ಲನ್ನೂ ತಿಂದೈತಿ."

ಶೈಲಜಾ ನೀರಿನ ತಂಬಿಗೆ ಹಿಡಿದು ಹೊರಗೆ ಬಂದವಳು ನಗು ತಡೆಯಲಾರದೆ ಹಾಗೇ ಒಳಗೆ ತಿರುಗಿದಳು. ದೊಡ್ಡಬಸಪ್ಪನಿಗೆ ಚುಚ್ಚಿದ್ದು ತಿಳಿಯಲಿಲ್ಲ. ಹೆಂಡತಿಯೂ ತನ್ನ ಪರ ಎಂದುಕೊಂಡ.

ಹೊಳಿಯಮ್ಮ ಹೇಳಿದಂತೆ ನಡೆದುಕೊಂಡಳು. ಊರ ಮುಂದೆ ನಿಂತು, ತನ್ನ ಅಜ್ಞಾನದಿಂದ ತನ್ನ ಹೊಲ ಕೆಟ್ಟಿತೆಂದೂ ಗೌಡರು ದೊಡ್ಡ ಮನಸ್ಸು ಮಾಡಿದರೆಂದೂ ಹೇಳಿದಳು. ಮನೆಗೆ ಹೋಗುವ ದಾರಿಯಲ್ಲಿ ಮಗಳು ಸುರೇಖಾ ಕುದಿಯುತ್ತಿದ್ದಳು. ಅವರ ಒಡ್ಡಿನಿಂದ ನಮ್ಮ ಹೊಲ ಸತ್ತಿತು. ತಪ್ಪನ್ನು ನೀನ್ಯಾಕೆ ಮೈಮೇಲೆ ಹಾಕಿಕೊಂಡೆ ಎಂದು ಕೇಳಿದಳು.

"ಮರ್ಯಾದಿ ಅವ್ರ ಮನ್ಯಾಗ ಇರ್ಲಿ ಬಿಡವಾ," ಎಂದಳು ಹೊಳಿಯಮ್ಮ. "ನೆಲ್ಲು ನನ್ನ ಹೊಲದಾಗ ಇದ್ರ ಸಾಕು."

ಯಂತ್ರ ಬಂದು ಅಗೆಯಿತು. ಒಡ್ಡು ಕಡಿಯಬೇಕಾಯಿತು. ನೀರು ಹೀರಲು ಮೈತುಂಬ ತೂತುಗಳಿದ್ದ ಕೊಳವೆ ಮಲಗಿಸಿ, ಸುತ್ತ ಜಲ್ಲಿ ಸುರಿದು, ಮುಚ್ಚಿದರು. ಹಳ್ಳದ ದಂಡೆಯಲ್ಲಿ ಕೊಳವೆಯ ಬಾಯಿಗೆ ಪೂಜೆಯಾಯಿತು. ರವಿಕುಮಾರ ದೊಡ್ಡಬಸಪ್ಪನಿಗೆ ಶಾಲು ಹೊದಿಸಿದ, ಫೋಟೋ ತೆಗೆಸಿದ. ಆ ಫೋಟೋದಲ್ಲಿ ಹೊಳಿಯಮ್ಮನ ಒಂದು ಮೊಣಕೈ ಮಾತ್ರ ಬಂದಿದೆ. ಕಾಲುವೆಯ ನೀರು ಹೊಲಗಳಿಗೆ ಹರಿದು, ಮಣ್ಣು ತೊಯ್ದು, ಕೊಳವೆಯಿಂದ ಮೊದಲ ನೀರು ಬಿದ್ದಾಗ ಅದು ನಾಲಿಗೆಗೆ ಹತ್ತಿಸಿದರೆ ಕಹಿ ಹತ್ತುವಷ್ಟು ಉಪ್ಪಾಗಿತ್ತು. ಆ ನೀರಿನ ಬಹುಪಾಲು ಬಂದದ್ದು ಯಾರ ಹೊಲದಿಂದ ಎಂದು ತಿಳಿಯಲು ಕಣ್ಣಿದ್ದರೆ ಸಾಕು: ಕೊಳವೆಯ ಉದ್ದದಲ್ಲಿ ಹೆಚ್ಚಿನದು ಮಲಗಿದ್ದು ದೊಡ್ಡಬಸಪ್ಪನ ಹೊಲದ ಕೆಳಗೆ. ಅವನು ಮಾತ್ರ ದಂಡೆಯ ಮೇಲೆ ನಿಂತು, ಶಾಲು ಸರಿಪಡಿಸಿಕೊಂಡು, ಬಂದವರಿಗೆ ಕೈಮಾಡಿ ತೋರಿಸುತ್ತಿದ್ದ.

"ನೋಡ್ರಿ, ಎಷ್ಟ ಉಪ್ಪು ಇಟ್ಟುಕೊಂಡು ಕುಂತಿತ್ತು ಆ ಹೊಳಿಯಮ್ಮನ ಹೊಲ."

ಎರಡು ವರ್ಷ ಕಳೆದಿವೆ. ಈಗ ಅವನು ಈ ವಿಷಯದಲ್ಲಿ ದೊಡ್ಡ ಮನುಷ್ಯ. ಗಂಗಾವತಿಯಲ್ಲಿ ರೈತರ ತರಬೇತಿಯೆಂದರೆ ಅವನನ್ನು ವೇದಿಕೆಗೆ ಕರೆಯುತ್ತಾರೆ. ನೆರೆಯವರ ಕಷ್ಟಕ್ಕೆ ಹೊಲ ಕೊಟ್ಟ ಕಥೆಯನ್ನು ಅವನು ಸಾಕಷ್ಟು ಉದ್ದಕ್ಕೆ ಹೇಳುತ್ತಾನೆ. ಮಣ್ಣು ಕೆಟ್ಟರೆ ಮುಚ್ಚಿಡಬೇಡಿ, ನಾಚಿಕೆಪಡಬೇಡಿ, ಸಾಹೇಬರಿಗೆ ತೋರಿಸಿ ಎಂದು ಕೈಯೆತ್ತಿ ಬುದ್ಧಿ ಹೇಳುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವನ ಕಣ್ಣುಗಳು ಒದ್ದೆಯಾಗುತ್ತವೆ. ಅದರಲ್ಲಿ ಮೋಸವಿಲ್ಲ, ತನ್ನ ಸುಳ್ಳನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಾಢವಾಗಿ ನಂಬಿದವನು ಅವನೇ.

ಈಚೆಗೆ ಅಂಥದೇ ಒಂದು ಸಭೆಗೆ ಹೊಳಿಯಮ್ಮನನ್ನೂ ಕರೆತನ್ನಿ, ಲಾಭ ಪಡೆದವಳು ಎರಡು ಮಾತಾಡಲಿ ಎಂದು ರವಿಕುಮಾರ ಹೇಳಿಕಳಿಸಿದ್ದ. ದೊಡ್ಡಬಸಪ್ಪ ಸ್ವತಃ ಅವಳ ಹೊಲದ ಬದುವಿಗೆ ಹೋಗಿ ನಿಂತ. ಜೀಪು ಬಂದಿದೆ, ಶಾಲು ನಿನಗೂ ಹೊದಿಸುತ್ತಾರೆ ಎಂದ. ಹೊಳಿಯಮ್ಮ ಸೊಂಟದ ಮಟ್ಟದ ಪೈರಿನ ನಡುವೆ ಕುಡುಗೋಲು ಹಿಡಿದಿದ್ದಳು. ಒಮ್ಮೆ ಸತ್ತಿದ್ದ ಕೆಳಮಗ್ಗುಲಿನಲ್ಲಿ ತೆನೆಗಳು ಬಾಗಿ ಒಂದರ ಮೇಲೊಂದು ಒರಗಿದ್ದವು. ಊರಿನ ಬೇರೆ ಗದ್ದೆಗಳಿಗೆಲ್ಲ ಕೊಯ್ಯುವ ಯಂತ್ರ ಇಳಿದಿತ್ತು. ಈ ಎಕರೆಯನ್ನು ಅವಳು ಯಂತ್ರಕ್ಕೆ ಕೊಟ್ಟಿರಲಿಲ್ಲ.

ಕೊಯ್ಲಿದೆ, ಬರಲಾಗುವುದಿಲ್ಲ, ನನ್ನ ಪಾಲಿನ ಮಾತನ್ನೂ ನೀವೇ ಆಡಿಬಿಡಿ ಎಂದಳು. ದೊಡ್ಡಬಸಪ್ಪ ಸಂತೋಷದಿಂದ ಒಪ್ಪಿಕೊಂಡು ಜೀಪು ಹತ್ತಿದ. ಅವಳು ಮುಂದಿನ ಹಿಡಿಗೆ ಬಗ್ಗಿದಳು.