ಮೀನಿಗೆ ಕಾಮಾಲೆ

ನನ್ನ ಗಂಡ ಲಿವರ್ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣರೆಪ್ಪೆ ಎಳೆದು ಹಳದಿ ಹುಡುಕುವುದೇ ಅವರ ಕೆಲಸ. ಈ ಘನಕಾರ್ಯಕ್ಕಾಗಿ ಮೈಸೂರಿನಿಂದ ನಮ್ಮನ್ನೂ ಕಾಶಿಗೆ ಹೊರಡಿಸಿಕೊಂಡು ಬಂದರು. ಲೋಕವೆಲ್ಲ ಇಲ್ಲಿಗೆ ಬಂದು ಗಂಗೆ ನೋಡಿದರೆ, ಇವರು ಕ್ವಾರ್ಟರ್ಸಿನ ಹಾಲ್‌ನಲ್ಲಿ ಕೂತು ಅಕ್ವೇರಿಯಂ ನೋಡತೊಡಗಿದರು.

ಅದರಲ್ಲಿ ಮೊದಲಿಗೆ ಇದ್ದದ್ದು ಮಗಳ ಮೀನೊಂದೇ. ಯೆಲ್ಲೋ ಲ್ಯಾಬ್ ಎಂಬ ಸಿಕ್ಲಿಡ್. ನಿಂಬೆಹಣ್ಣಿನ ಬಣ್ಣ, ಬೆನ್ನಿನ ರೆಕ್ಕೆಯುದ್ದಕ್ಕೂ ಕಪ್ಪು ಗೆರೆ. ಹುಟ್ಟುಹಬ್ಬಕ್ಕೆ ನಾಯಿ ಕೇಳಿದವಳಿಗೆ ಅಪ್ಪ ಮೀನು ಕೊಡಿಸಿದ್ದರು. ಅವಳು ಅದನ್ನು ನಾಯಿಯ ಹಾಗೇ ಸಾಕಿದಳು. ಶಾಲೆಯಿಂದ ಬಂದವಳೇ ಬ್ಯಾಗ್ ಕೂಡ ಇಳಿಸದೆ ಅದರ ಮುಂದೆ ಕೂತು ದಿನದ ಸುದ್ದಿಯೆಲ್ಲ ಹೇಳುತ್ತಿದ್ದಳು. ನಾನು ಕೇಳಿದರೆ ಮಾತ್ರ ಏನೂ ಇಲ್ಲ, ಇಲ್ಲಿನ ಶಾಲೆಯ ಹಿಂದಿಯಲ್ಲಿ "ಕುಛ್ ನಹೀಂ, ಅಮ್ಮಾ" ಅಷ್ಟೇ.

ಒಂದೇ ಮೀನಿನ ಟ್ಯಾಂಕು ಬೋಳಾಗಿ ಕಾಣುತ್ತದೆ ಎಂದು ನಮ್ಮವರು ನಾಲ್ಕಾರು ವಿಡಿಯೋ ನೋಡಿ ಪಂಡಿತರಾದರು. ಇಲ್ಲೇ ಲಂಕಾ ಎಂಬ ಬಡಾವಣೆಯ ಅಂಗಡಿಯಿಂದ ಮೂರು ನೀಲಿ ಮರಿಗಳನ್ನು ತಂದರು, ಮೈಮೇಲೆ ಕಡುಬಣ್ಣದ ಪಟ್ಟೆ. "ಡೆಮಾಸೋನಿ. ಸಾಯುವವರೆಗೂ ನೀಲಿ" ಎಂದು ಘೋಷಿಸಿದರು. ಅಂಗಡಿಯವನು "ಮಿಕ್ಸ್ ಹೈ, ಸಾಹಬ್", ಜಾತಿ ಬೆರಕೆಯಾಗಿದೆ, ಅಂದದ್ದು ಅವರ ಕಿವಿಗೆ ಬೀಳಲಿಲ್ಲ. ಡಾಕ್ಟರ ಕಿವಿಗೆ ಸ್ಟೆತಸ್ಕೋಪು ಬೇಕು.

ಕೆಲವು ತಿಂಗಳಲ್ಲಿ ಮೂರರಲ್ಲೊಂದು ಮೆಲ್ಲಗೆ ಹಳದಿಯಾಗತೊಡಗಿತು.

"ಜಾಂಡೀಸ್" ಅಂದರು.

"ಮೀನಿಗಾ?"

"ಲಿವರ್ ಇದ್ದವರಿಗೆಲ್ಲ ಬರಬಹುದು."

ರೋಗಿಯನ್ನು ಬಕೆಟ್ಟಿಗೆ ಅಡ್ಮಿಟ್ ಮಾಡಿ, ಉಪ್ಪುನೀರು ಕೊಟ್ಟು, ಪಥ್ಯಕ್ಕೆ ಹಾಕಿದರು. ಅದು ಇನ್ನಷ್ಟು ಹಳದಿಯಾಯಿತು. ಇವರು ಇನ್ನಷ್ಟು ಪಥ್ಯ ಮಾಡಿಸಿದರು.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಧಾರವಾಡದವರೊಬ್ಬರು ಭಾನುವಾರ ಕಾಫಿಗೆ ಬಂದರು. ಬಕೆಟ್ಟಿನೊಳಗೆ ಇಣುಕಿ, "ಸರ್, ಇದಕ್ಕ ಏನೂ ಆಗಿಲ್ಲ. ಕೆನ್ಯಿ ಅಂತ ಬ್ಯಾರೆ ಜಾತಿ, ಗಂಡು. ಮರಿ ಇದ್ದಾಗ ನೀಲಿ, ವಯಸ್ಸಿಗೆ ಬಂದ ಮ್ಯಾಲ ಹಳದಿ" ಅಂದರು.

"ನನಗೂ ಅದೇ ಅನುಮಾನ ಇತ್ತು" ಎನ್ನುತ್ತ ನಮ್ಮವರು ಬಕೆಟ್ಟನ್ನು ಟ್ಯಾಂಕಿಗೆ ಬಗ್ಗಿಸಿ ಡಿಸ್ಚಾರ್ಜ್ ಮಾಡಿಯೇಬಿಟ್ಟರು.

"ಅಯ್ಯೋ, ಭಾಳ ಜಗಳಗಂಟ ಜಾತಿ ಅದು! ನಿಮ್ಮ ಮಗಳ ಮೀನನ್ನ ಹರದು ಹಾಕ್ತದ. ಅಂಗಡಿಗೆ ವಾಪಸ್ ಕೊಡ್ರಿ. ಆದ್ರ ಹುಷಾರು, ರೆಕ್ಕಿ ಮ್ಯಾಲ ಕಪ್ಪು ಗೆರಿ ಇರೋದು ಮಗಳದು."

"ಅಷ್ಟೂ ಗೊತ್ತಾಗಲ್ವೇನ್ರೀ ನಮಗೆ?" ಎಂದು ಇವರು ನಕ್ಕರು.

ಮರುದಿನ ಬೆಳಿಗ್ಗೆ ಬಲೆ ಹಾಕಿ ಹಳದಿ ಮೀನೊಂದನ್ನು ಹಿಡಿದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಕೊಟ್ಟರು. ಹೆದರಿದ ಮೀನು ಬೆನ್ನಿನ ರೆಕ್ಕೆ ಮಡಚಿಕೊಳ್ಳುತ್ತದಂತೆ. ಮಡಚಿದರೆ ಗೆರೆಯೂ ಮಡಿಕೆಯೊಳಗೆ ಹೋಗುತ್ತದಂತೆ. ಅದು ನಮಗೆ ಆಮೇಲೆ ತಿಳಿದ ಶಾಸ್ತ್ರ.

ಮಧ್ಯಾಹ್ನ ಮಗಳು ಟ್ಯಾಂಕಿನ ಮುಂದೆ ಕೂತವಳು ತಕ್ಷಣ ಎದ್ದಳು. "ಅಮ್ಮಾ, ಯೇ ಮೇರೀ ವಾಲೀ ನಹೀಂ ಹೈ." ತನ್ನದಲ್ಲವಂತೆ. ಹೋಗಿ ನೋಡಿದೆ. ರೆಕ್ಕೆಯಲ್ಲಿ ಕಪ್ಪು ಗೆರೆ ಇಲ್ಲ, ಮೈಮೇಲೆ ಮಾಸಿದ ಪಟ್ಟೆ. ಆ ಹಳದಿ ಮಹಾಶಯ ಉಳಿದಿಬ್ಬರನ್ನೂ ಮೂಲೆಗೆ ಅಟ್ಟಿ ದರ್ಬಾರು ನಡೆಸುತ್ತಿದ್ದ.

ಸಂಜೆ ಮೂವರೂ ಅಂಗಡಿಗೆ ಓಡಿದೆವು. ಅಂಗಡಿಯವನು ಅವಳ ಮೀನನ್ನು ಯೆಲ್ಲೋ ಲ್ಯಾಬ್‌ಗಳ ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದ. ಅದರಿಂದ ಹತ್ತಾರು ಮೀನುಗಳನ್ನು ಸಾರನಾಥದ ಗಿರಾಕಿಯೊಬ್ಬ ಕೊಂಡೊಯ್ದಿದ್ದ. ಉಳಿದವೆಲ್ಲ ನಿಂಬೆಹಣ್ಣಿನ ಬಣ್ಣ, ಎಲ್ಲಕ್ಕೂ ಕಪ್ಪು ಗೆರೆ.

"ಇದೇ ನೋಡು ಪುಟ್ಟಿ, ನಿನ್ನದು. ನೂರಕ್ಕೆ ನೂರು" ಅಂದರು ನಮ್ಮವರು. ಅವಳು ಗಾಜಿಗೆ ಮುಖ ಒತ್ತಿ ನೋಡಿ ಅಲ್ಲವೆಂದು ತಲೆಯಾಡಿಸಿದಳು. "ಹಾಗಾದ್ರೆ ಇದು. ನೂರಕ್ಕೆ ನೂರು." ಅವಳಿಗೆ ಅಳು ಬಂತು. ಯಾವುದನ್ನೂ ತೆಗೆದುಕೊಳ್ಳದೆ ಹೊರಟೆವು.

ಟೋಟೋ ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ಕೂತವಳು ಮೂಗು ಒರೆಸಿಕೊಂಡು ಕೇಳಿದಳು: "ಅಪ್ಪಾ, ಆಸ್ಪತ್ರೆಯಲ್ಲೂ ಹೀಗೇ ನೂರಕ್ಕೆ ನೂರು ಅಂತ ಹೇಳ್ತೀಯಾ?"

ಅವರು ಜೇಬಿನಿಂದ ಕರ್ಚೀಫು ತೆಗೆದು ಅವಳ ಕೈಗಿಟ್ಟರು. ಈ ಮನುಷ್ಯನ ಬಾಯಿ ಕಟ್ಟುವವರು ಯಾರಾದರೂ ಸಿಗಲಿ ಎಂದು ನಾನು ವರ್ಷಗಟ್ಟಲೆ ಹಾರೈಸಿದ್ದೆ. ಅದು ಇವಳಾಗುತ್ತಾಳೆ, ಹೀಗೆ ಅಳುತ್ತ ಕೇಳುತ್ತಾಳೆ ಎಂದುಕೊಂಡಿರಲಿಲ್ಲ.